ಇದ್ರಾಗ ಕ್ಯಾತ ಎಲ್ಲದಾನ?

ಕೊಪ್ಪಳದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆ ಕರಪತ್ರ, ತಹಸೀಲ್ದಾರರಿಗೆ ಅರ್ಜಿ, ತಿಥಿ ಕಾರ್ಡು. ಇಪ್ಪತ್ತು ವರ್ಷದಿಂದ ಬೇರೆಯವರ ಮಾತನ್ನೇ ಟೈಪ್ ಮಾಡುತ್ತಾ ಬಂದವನು. ಕವನ ಸಂಕಲನಗಳನ್ನೂ ಟೈಪ್ ಮಾಡಿದ್ದೇನೆ, ಕೆಲವರ ಬಾಕಿ ಇನ್ನೂ ಬಂದಿಲ್ಲ. ಹೀಗಾಗಿ ನಾನೂ ಒಂದು ಕಾದಂಬರಿ ಬರೆಯುತ್ತಿದ್ದೇನೆ ಅಂದಾಗ ನನ್ನ ಹೆಂಡತಿ ಮೊದಲು ಕೇಳಿದ್ದು, 'ಇದರ ಬಿಲ್ಲು ಯಾರಿಗೆ?' ಅಂತ.

ಶುರುವಾಗಿದ್ದು ಒಂದು ಅರ್ಜಿಯಿಂದ. ತೊಗಲುಗೊಂಬೆ ಆಡಿಸುವ ಅಜ್ಜ ಒಬ್ಬರು ಕಲಾವಿದರ ಮಾಸಾಶನಕ್ಕೆ ಅರ್ಜಿ ಬರೆಸಲು ಬಂದಿದ್ದರು. ಎಲ್ಲೆಲ್ಲಿ ಆಟ ಆಡಿಸಿದ್ದೀರಿ, ಪಟ್ಟಿ ಬೇಕು ಅಂದೆ. ಬೆರಳು ಮಡಚುತ್ತಾ ಊರಿನ ಹೆಸರು ಹೇಳುತ್ತಾ ಹೋದರು. ಒಂದು ಹೆಸರು ಹೇಳಿ ತಟ್ಟನೆ ನಿಂತರು.

'ಅದನ್ನ ತಗಿ ತಮ್ಮಾ. ಅದು ನಮ್ಮಪ್ಪ ಆಡ್ಸಿದ್ದು. ಆ ಊರು ಈಗ ನೀರಾಗೈತಿ. ಮಳಿ ಆಗ್ಲಿ ಅಂತ ಕರ್ಸಿದ್ರಂತ.'

ಹೆಸರು ತೆಗೆದೆ, ಪ್ರಿಂಟ್ ಕೊಟ್ಟೆ, ಇಪ್ಪತ್ತು ರೂಪಾಯಿ ತಗೊಂಡೆ. ಅಜ್ಜ ಹೋದ ಮೇಲೆ ಕೆಲಸ ಮಾಡಲು ಆಗಲಿಲ್ಲ. ನಮ್ಮ ಕಡೆ ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುತ್ತಾರೆ, ಗೊಂಬೆಯಾಟ ಆಡಿಸುತ್ತಾರೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಯಿತು, 1953ರ ಹೊತ್ತಿಗೆ ನೀರು ನಿಂತಿತು, ಹಿನ್ನೀರಿನಲ್ಲಿ ಊರೂರೇ ಮುಳುಗಿದವು. ಅಂದರೆ ಇಲ್ಲೇ ಎಲ್ಲೋ, ಇನ್ನೇನು ಮುಳುಗಲಿರುವ ಒಂದು ಊರಿನ ಜನ ರಾತ್ರಿಯಿಡೀ ಕೂತು ಮಳೆಗಾಗಿ ಆಟ ನೋಡಿದ್ದಾರೆ. ಇಷ್ಟು ಸಿಕ್ಕ ಮೇಲೆ ಬರೆಯದೇ ಇರೋದು ಹೇಗೆ?

ಆರು ತಿಂಗಳು ಅಂಗಡಿ ಬಾಗಿಲು ಹಾಕಿದ ಮೇಲೆ ರಾತ್ರಿ ಕೂತು ಬರೆದೆ. ನೂರ ನಲವತ್ತು ಪುಟ. ಓದಿದವರು ಕಣ್ಣೀರು ಹಾಕಬೇಕು, ಅಷ್ಟೇ ನನ್ನ ಗುರಿ. ಗೊಂಬೆಯವರ ಬಡತನ, ಹರಕು ಪರದೆ, ಆರಿದ ದೀಪ. ಮುಗಿದ ಮೇಲೆ ಸುಮ್ನೆ ಕುತೂಹಲಕ್ಕೆ ಫೈಂಡ್ ಕೊಟ್ಟು ನೋಡಿದೆ. 'ಅಳಿವಿನಂಚಿನಲ್ಲಿ' ಅನ್ನೋ ಪದ ಇಪ್ಪತ್ಮೂರು ಕಡೆ ಇತ್ತು. ಆಗಲೂ ನನಗೆ ಅನುಮಾನ ಬರಲಿಲ್ಲ ನೋಡಿ.

ಪ್ರಿಂಟ್ ತಗೊಂಡು ಅಜ್ಜನ ಊರಿಗೆ ಹೋದೆ. ಕಟ್ಟೆ ಮೇಲೆ ಕೂತು ಒಂದು ತಾಸು ಓದಿದೆ. ಅವರು ಬೀಡಿ ಸೇದುತ್ತಾ ಪೂರ್ತಿ ಕೇಳಿದರು. ಆಮೇಲೆ ಒಂದೇ ಮಾತು:

'ಎಲ್ಲಾ ಚಲೋ ಐತಿ. ಇದ್ರಾಗ ಕ್ಯಾತ ಎಲ್ಲದಾನ?'

ಗೊಂಬೆಯಾಟ ನೋಡದವರಿಗೆ ಹೇಳಬೇಕು. ಮೊದಲು ಗಣಪತಿ, ಸರಸ್ವತಿಯ ಸ್ತುತಿ ಆಗುತ್ತದೆ. ಆಮೇಲೆ ಕಿಳ್ಳೇಕ್ಯಾತ ನುಗ್ಗುತ್ತಾನೆ, ಜೊತೆಗೆ ಹೆಂಡತಿ ಬಂಗಾರಕ್ಕ. ಅವನ ಆಕಾರ ನೋಡಿದರೇ ನಗು ಬರುತ್ತದೆ. ದ್ರೌಪದಿಯ ಸೀರೆ ಸೆಳೆಯುವ ಹೊತ್ತಿನಲ್ಲೂ ನಡುವೆ ಬಾಯಿ ಹಾಕುತ್ತಾನೆ. ಊರ ಗೌಡನ ಜಿಪುಣತನ, ಈ ವರ್ಷದ ಶೇಂಗಾ ರೇಟು, ಹಾಳಾದ ಬೋರು, ಯಾವುದನ್ನೂ ಬಿಡೋದಿಲ್ಲ. ಬಾಯಿ ಬಲು ಹೊಲಸು. ಜನ ಅವನಿಗಾಗಿಯೇ ಬೆಳಗಿನ ತನಕ ಕೂರೋದು. ಅವನ ಹೆಸರಿನಿಂದಲೇ ಆಡಿಸುವವರನ್ನು ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಅಂತ ಕರೆಯುತ್ತಾರೆ. ಅಂಥವನನ್ನೇ ಬಿಟ್ಟು ನಾನು ಅವರ ಕಥೆ ಬರೆದಿದ್ದೆ!

ಇನ್ನೊಂದು ನಾಚಿಕೆಯೂ ಸೇರಿಕೊಂಡಿತು. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮೋರನಾಳದ, ತೊಗಲುಗೊಂಬೆ ಆಡಿಸುವ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ಪೇಪರ್ ಕಟಿಂಗ್ ಝೆರಾಕ್ಸ್ ಮಾಡಿಸಲು ಜನ ಬಂದಿದ್ದೇ ಬಂದಿದ್ದು. ಬಳ್ಳಾರಿಯ ಗೊಂಬೆಯಾಟದ ಕಲಾವಿದ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಂಡರು. ಅವರಂತೂ ಗಾಂಧೀಜಿಯ ಕಥೆಯನ್ನೂ ಗೊಂಬೆಗೆ ತಂದವರು. ಇವರೆಲ್ಲ ಹೀಗೆ ದುಡಿದಿರುವಾಗ ನಾನು ಅಂಗಡಿಯಲ್ಲಿ ಕೂತು ಇಪ್ಪತ್ಮೂರು ಸಲ ಅವರನ್ನು ಅಳಿಸಿಹಾಕಿದ್ದೆ.

ಮೊದಲಿಂದ ಶುರು ಮಾಡಿದೆ. ಈ ಸಲ ಬರೆಯುವ ಮುಂಚೆ ಪರದೆ ಹಿಂದೆ ಹೋಗಿ ಕೂತೆ.

ಅಲ್ಲಿ ಮೊದಲು ಕಿವಿಗೆ ಬಿದ್ದದ್ದು ಭಾಷೆ. ಪರದೆ ಮುಂದೆ ಅರ್ಜುನ, ಉತ್ತರಕುಮಾರ ಎಲ್ಲರೂ ಕನ್ನಡ. ಪರದೆ ಹಿಂದೆ 'ಆ ಗೊಂಬೆ ಕೊಡು, ದೀಪ ಸರಿಸು' ಅನ್ನೋದೆಲ್ಲ ಅವರ ಮನೆಮಾತಿನಲ್ಲಿ. ಮರಾಠಿ ಕಡೆಯ ಮಾತು ಅದು. ಬಲಗೈಯಲ್ಲಿ ಗೊಂಬೆ, ಬಾಯಲ್ಲಿ ಕನ್ನಡದ ಪದ್ಯ, ಎಡಗೈಯಿಂದ ಮೊಮ್ಮಗನಿಗೆ ಸನ್ನೆ. ನನ್ನ ಕಾದಂಬರಿಯ ಮನೆಯಲ್ಲಿ ಎಲ್ಲರೂ ಒಂದೇ ಕನ್ನಡ ಮಾತಾಡುತ್ತಿದ್ದರು, ಅದೂ ಪುಸ್ತಕದ್ದು. ಅರ್ಧ ಸಂಭಾಷಣೆ ಅಲ್ಲೇ ಸತ್ತವು.

ಎರಡನೆಯದು ಬಣ್ಣ. ನೆರಳು ಅಂದರೆ ಕಪ್ಪು ಅಂದುಕೊಂಡಿದ್ದೆ. ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸುತ್ತಾರೆ. ಅದು ಹಪ್ಪಳದ ಹಾಗೆ ಬೆಳಕು ಬಿಡುತ್ತದೆ. ಅದರ ಮೇಲಿನ ಕೆಂಪು ಪರದೆಯ ಮೇಲೂ ಕೆಂಪಾಗಿಯೇ ಬೀಳುತ್ತದೆ. ಹಿಂದೆ ಹರಳೆಣ್ಣೆ ದೀಪ ಇಡುತ್ತಿದ್ದರಂತೆ, ಈಗ ಬಲ್ಬು. 'ದೀಪ ಅಳ್ಳಾಡಿದ್ರ ಗೊಂಬಿ ಉಸಿರಾಡ್ತಿತ್ತು, ಬಲ್ಬಿಗೆ ಆ ಬುದ್ಧಿ ಇಲ್ಲ' ಅಂದರು ಅಜ್ಜ. ಆಭರಣ, ಸೀರೆಯ ಅಂಚು ಎಲ್ಲ ಉಳಿಯಿಂದ ಹೊಡೆದ ತೂತುಗಳು. ನನಗೂ ಉಳಿ ಕೊಟ್ಟರು. ಮೂರನೇ ಏಟಿಗೇ ಎರಡು ತೂತು ಕೂಡಿಕೊಂಡು ಕೊರಳ ಸರ ಹೋಗಿ ಕೊರಳ ಗಾಯ ಆಯಿತು. ನನ್ನ ಎಡಗೈ ತಾನಾಗಿ ಕಂಟ್ರೋಲ್ ಝಡ್ ಹುಡುಕಿತು. ಅಜ್ಜಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಬರವಣಿಗೆಗೆ ನೇರವಾಗಿ ಒದಗಿದ್ದು ಮಾತ್ರ ಗೊಂಬೆಗಳ ಕಟ್ಟು. ಎಷ್ಟೋ ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಒಂದಿಡೀ ಸಂದರ್ಭ ಇರುತ್ತದೆ. ಸಿಂಹಾಸನ, ರಾಮ, ಸೀತೆ, ಕಾಲ ಬಳಿ ಹನುಮಂತ, ಎಲ್ಲ ಒಂದೇ ತುಂಡು. ಅದನ್ನು ನೋಡಿ ನಾನೂ ಒಂದು ನೇಮ ಮಾಡಿಕೊಂಡೆ. ವೇಸ್ಟ್ ಆದ ಮದುವೆ ಕಾರ್ಡಿನ ಪ್ರೂಫ್ ಹಾಳೆ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ ಅಲ್ವಾ? ಅದರ ಹಿಂದೆ ಒಂದು ಹಾಳೆಗೆ ಒಂದೇ ಸನ್ನಿವೇಶ. ಹಾಳೆಯಲ್ಲಿ ಹಿಡಿಸದಿದ್ದರೆ ಅದು ಎರಡು ಸನ್ನಿವೇಶ ಅಂತ ಲೆಕ್ಕ. ಒಬ್ಬನೇ ರಾಮನಿಗೆ ಕಾಡಿಗೊಂದು, ಪಟ್ಟಕ್ಕೊಂದು ಗೊಂಬೆ ಇರುತ್ತದೆ. ನನ್ನ ನಾಯಕ ಮಾತ್ರ ಮೊದಲ ಪುಟದಿಂದ ಕೊನೆಯ ತನಕ ಒಂದೇ ಮುಖ ಹೊತ್ತು ತಿರುಗುತ್ತಿದ್ದ. ಅವನಿಗೂ ನಾಲ್ಕು ತೊಗಲು ಕೊಟ್ಟೆ.

ಗಾತ್ರದ ವಿಷಯವೂ ಇದೆ. ರಾಜ, ದೇವರ ಗೊಂಬೆ ದೊಡ್ಡದು, ಸೇವಕರದು ಸಣ್ಣದು. ನನ್ನ ಮೊದಲ ಬರಹದಲ್ಲೂ ಗೌಡನಿಗೆ ನಲವತ್ತು ಪುಟ, ಅವನ ಜೀತದಾಳಿಗೆ ಎರಡು. ಯಾರೂ ಹೇಳಿಕೊಡದೆ ಕೈ ಅದನ್ನೇ ಮಾಡಿತ್ತು. ಈಗ ಜೀತದಾಳಿನದೇ ದೊಡ್ಡ ತೊಗಲು. ಮುಳುಗುವ ಮುಂಚೆ ಊರಿನ ಬಾಗಿಲುವಾಡ ಕಿತ್ತು ಗಾಡಿಗೆ ಹೇರುವವನು ಅವನೇ.

ಕಾಲದ ಲೆಕ್ಕಕ್ಕೆ ಜಾಸ್ತಿ ಒದ್ದಾಡಿದೆ. ಹೊಳೆಯ ಈ ಕಡೆ ಕೊಪ್ಪಳ ಆಗ ಹೈದರಾಬಾದಿಗೆ ಸೇರಿತ್ತು, ಆ ಕಡೆ ಹೊಸಪೇಟೆ ಮದ್ರಾಸಿಗೆ. ಹೊಸಪೇಟೆ ಇದ್ದ ಬಳ್ಳಾರಿ ಜಿಲ್ಲೆ ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಗೊಂಬೆಪೆಟ್ಟಿಗೆ ಹೊತ್ತವರು ಹೊಳೆ ದಾಟಿದರೆ ಸರ್ಕಾರವೇ ಬೇರೆ. ಕ್ಯಾತನಿಗೆ ಇದಕ್ಕಿಂತ ಒಳ್ಳೆ ಸರಕು ಬೇಕೆ? ನಿರೂಪಣೆಯನ್ನು ಅವನ ಬಾಯಿಗೇ ಕೊಟ್ಟುಬಿಟ್ಟೆ.

ಕಳೆದ ಯುಗಾದಿ ಆದ ಮೇಲೆ ಕ್ಯಾತನ ಅಧ್ಯಾಯ ತಗೊಂಡು ಮತ್ತೆ ಹೋದೆ. ಸರಕಾರದವರು ನೀರು ಬರ್ತದೆ, ಮನೆ ಬಿಡಿ ಅಂತ ಡಂಗುರ ಹೊಡೆಸುತ್ತಾರೆ. ಕ್ಯಾತ ಹೆಂಡತಿಗೆ ಹೇಳುತ್ತಾನೆ: 'ನೋಡ, ಮಳಿ ಬೇಡಿದ್ದು ಒಂದ್ ರಾತ್ರಿ, ಹೊಳಿನ ಮನಿಗೆ ಬಂತು. ಇನ್ನೆರಡ್ ರಾತ್ರಿ ಬೇಡಿದ್ರ ಸಮುದ್ರನ ಬರ್ತಿತ್ತು!' ಅಜ್ಜ ತೊಡೆ ತಟ್ಟಿ ನಕ್ಕರು. ನಾನು ಬೀಗುತ್ತಾ ಮುಂದಿನ ಪುಟ ತಿರುವಿದೆ.

ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ತಿರುಗಿಯೂ ನೋಡದೆ ಕೂಗಿದರು. ಬಂಗಾರಕ್ಕನ ದನಿ. ನಲವತ್ತು ವರ್ಷ ಪರದೆ ಹಿಂದೆ ಅವರೇ ಆ ದನಿ ಕೊಟ್ಟವರು.

'ಬಂದ್ರ ಬರ್ಲಿ ಬಿಡ. ಮೂರ್ ಮೈಲಿ ಕೊಡ ಹೊತ್ತಾಕಿ ನಾನು, ನಿನಗೇನ್ ಗೊತ್ತು!'

ಬಂಗಾರಕ್ಕನಿಗೆ ನಾನು ಮಾತೇ ಬರೆದಿರಲಿಲ್ಲ. ಜೇಬಿನಲ್ಲಿದ್ದ ಪ್ರೂಫ್ ಹಾಳೆಯ ಹಿಂದೆ ಬರೆದುಕೊಂಡೆ. ಈಗ ಆ ಅಧ್ಯಾಯ ಅಲ್ಲಿಂದಲೇ ಶುರುವಾಗುತ್ತದೆ.