ಹೆಣ್ಣು ಜಿಂಕೆಗೆ ಕೋವಿ ಎತ್ತಲು ಕಲಿತದ್ದು

ಪ್ರತಿ ವರ್ಷ ಜೂನ್‌ನಲ್ಲಿ ಎಂಟು ದಿನ ನಾನು ರಕಿಯೂರಕ್ಕೆ ಹೋಗುತ್ತೇನೆ. ನ್ಯೂಜಿಲೆಂಡಿನ ದಕ್ಷಿಣ ತುದಿಯಾಚೆಗಿರುವ ಈ ದ್ವೀಪಕ್ಕೆ ಸ್ಟೂವರ್ಟ್ ದ್ವೀಪ ಅಂತಲೂ ಹೆಸರು. ಸೌತ್‌ಲ್ಯಾಂಡಿನ ಒಂದು ಡೈರಿ ಫಾರ್ಮಿನಲ್ಲಿ ಹಾಲು ಕರೆಯುವ ಕೆಲಸ ನನ್ನದು. ಚಳಿಗಾಲಕ್ಕೆ ಹಸುಗಳನ್ನು ಬತ್ತಿಸಿದ ಮೇಲೆಯೇ ನಮಗೆ ರಜೆ. ಬ್ಲಫ್ ಬಂದರಿನಿಂದ ದೋಣಿಯಲ್ಲಿ ಒಂದು ಗಂಟೆ. ಆ ಒಂದು ಗಂಟೆ ಹೊಟ್ಟೆ ತೊಳಸದೆ ಕಳೆದರೆ ಪುಣ್ಯ. ಇಳಿದರೆ ಓಬನ್ ಅನ್ನುವ ಒಂದೇ ಊರು, ನಾನೂರರ ಆಸುಪಾಸು ಜನ. ಉಳಿದದ್ದೆಲ್ಲ ಕಾಡು, ಕೆಸರು, ಮಳೆ. ದ್ವೀಪದ ಬಹುಪಾಲು 2002ರಿಂದ ರಾಷ್ಟ್ರೀಯ ಉದ್ಯಾನ.

ಈ ಕಾಡಿನಲ್ಲಿ ಬಿಳಿಬಾಲದ ಜಿಂಕೆಗಳಿವೆ. ಅವು ಇಲ್ಲಿಯವಲ್ಲ. 1905ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಿಂದ ತಂದು ಒಂಬತ್ತನ್ನು ದಕ್ಷಿಣದ ಪೋರ್ಟ್ ಪೆಗಸಸ್‌ನಲ್ಲಿ ಬಿಟ್ಟರು. ಈಗ ದ್ವೀಪವೆಲ್ಲ ಅವುಗಳದೇ. ನ್ಯೂಜಿಲೆಂಡಿಗೆ ಬಾವಲಿ ಬಿಟ್ಟರೆ ನೆಲದ ಮೇಲಿನ ಸಸ್ತನಿ ಯಾವುದೂ ಸ್ವಂತದ್ದಲ್ಲ. ಇಲ್ಲಿಯ ಗಿಡಗಳು ಜಿಂಕೆಯ ಹಲ್ಲನ್ನು ಕಾಣದೆ ಬೆಳೆದು ಬಂದವು, ತಪ್ಪಿಸಿಕೊಳ್ಳುವ ಉಪಾಯ ಅವಕ್ಕಿಲ್ಲ. ಜಿಂಕೆಯನ್ನು ಹಿಡಿಯುವ ಪ್ರಾಣಿಯೂ ಇಲ್ಲ. ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಕೋವಿ ಹಿಡಿದ ಮನುಷ್ಯ ಮಾತ್ರ.

ನಾನು ಮಲೆನಾಡಿನವನು. ನಾನು ಹುಟ್ಟುವ ಹೊತ್ತಿಗೆ 1972ರ ವನ್ಯಜೀವಿ ಕಾಯ್ದೆ ಬಂದು ಶಿಕಾರಿ ನಿಂತುಹೋಗಿತ್ತು. ಅಜ್ಜನ ಬಾಯಲ್ಲಿ ಕಥೆಗಳು ಮಾತ್ರ ಉಳಿದಿದ್ದವು: ಮರಸು ಕೂತದ್ದು (ಮರೆಯಲ್ಲಿ ಕಾದು ಕೂರುವುದು), ಸೋವಿಗೆ ಹೋದದ್ದು (ಗುಂಪಾಗಿ ಕಾಡು ಸೋಹಿ ಪ್ರಾಣಿ ಎಬ್ಬಿಸುವುದು), ಕಡವೆಯ ಹೆಜ್ಜೆ ಹಿಡಿದು ಹಳ್ಳ ದಾಟಿದ್ದು. ಪ್ರತಿ ಕಥೆಯಲ್ಲೂ ಅಜ್ಜ ಒಂದು ಮಾತು ಬಿಡುತ್ತಿರಲಿಲ್ಲ: ‘ಹೆಣ್ಣಿಗೆ ಈಡು ಹೊಡೀಬಾರದು.’ ಆ ಮಾತನ್ನು ಎದೆಯಲ್ಲಿ ಇಟ್ಟುಕೊಂಡೇ ಇಲ್ಲಿ ಕೋವಿಯ ಲೈಸೆನ್ಸ್ ತೆಗೆದುಕೊಂಡೆ.

ಮೊದಲ ವರ್ಷ ನನ್ನನ್ನು ಕರೆದುಕೊಂಡು ಹೋದವರು ಓಬನ್‌ನ ಒಬ್ಬ ಹಿರಿಯ ಮೀನುಗಾರರು. ಇಲ್ಲಿ ಕಾಡನ್ನು ಬ್ಲಾಕ್‌ಗಳಾಗಿ ಹಂಚಿದ್ದಾರೆ. ಕಾದಿರಿಸಿ ಪರವಾನಗಿ ಪಡೆದ ತಂಡ ಮಾತ್ರ ಆ ದಿನಗಳಲ್ಲಿ ಆ ಬ್ಲಾಕ್‌ನಲ್ಲಿ ಬೇಟೆ ಆಡಬಹುದು. ಮೂರು ದಿನದಲ್ಲಿ ನಾಲ್ಕು ಹೆಣ್ಣು ನನ್ನ ಎದುರು ಬಂದವು, ನಾಲ್ಕನ್ನೂ ಬಿಟ್ಟೆ. ನಾಲ್ಕನೆಯ ದಿನ ಸಣ್ಣ ಕೊಂಬಿನ ಒಂದು ಗಂಡನ್ನು ಹೊಡೆದು ಹೆಗಲ ಮೇಲೆ ಹೊತ್ತು ತಂದೆ. ಹಿರಿಯರು ಬೆನ್ನು ತಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಕೋವಿಯನ್ನು ಗುಡಿಸಲಲ್ಲೇ ಬಿಟ್ಟು ಬಾ ಅಂದರು.

ಕಡಲಂಚಿನ ಕಾಡಿನಲ್ಲಿ ನಿಲ್ಲಿಸಿ, ಮೊಣಕಾಲಿನಿಂದ ಎದೆಯೆತ್ತರದವರೆಗೆ ಏನಿದೆ ನೋಡು ಅಂದರು. ಏನೂ ಇರಲಿಲ್ಲ. ತಲೆಯ ಮೇಲೆ ಕಾಮಾಹಿ, ರಿಮು, ಬ್ರಾಡ್‌ಲೀಫ್ ಮರಗಳ ಚಪ್ಪರ; ಕೆಳಗೆ ಗುಡಿಸಿಟ್ಟ ಅಂಗಳದಂಥ ನೆಲ, ಅಲ್ಲಲ್ಲಿ ಜಿಂಕೆ ಮುಟ್ಟದ ಒರಟು ಜರಿಗಿಡ. ಹೊಸಬರಿಗೆ ಇದು ಚೆಂದದ ಕಾಡು, ಓಡಾಡಲೂ ಸಲೀಸು. ನನಗೂ ಹಾಗೇ ಅನಿಸಿತ್ತು. ಆಮೇಲೆ ಅವರು ಆಳೆತ್ತರದ ಒಂದು ಹಳೆಯ ಬೊಡ್ಡೆಯನ್ನು ತೋರಿಸಿದರು. ಅದರ ನೆತ್ತಿಯ ಮೇಲೆ ಬ್ರಾಡ್‌ಲೀಫ್ ಸಸಿಗಳು ಹೊಳೆಯುವ ದಪ್ಪ ಎಲೆ ಬಿಟ್ಟು ಒತ್ತಾಗಿ ನಿಂತಿದ್ದವು. ಅದೇ ಬೊಡ್ಡೆಯ ಬುಡದಲ್ಲಿ ಒಂದು ಸಸಿಯೂ ಇಲ್ಲ. ಬೀಜ ಎರಡೂ ಕಡೆ ಬಿದ್ದಿದೆ, ಮೇಲಿನದಕ್ಕೆ ಜಿಂಕೆಯ ಬಾಯಿ ಎಟುಕಿಲ್ಲ, ಅಷ್ಟೆ. ಈಗಿರುವ ದೊಡ್ಡ ಮರಗಳು ಬಿದ್ದಾಗ ಅವುಗಳ ಜಾಗಕ್ಕೆ ಏರಲು ಮರಿಗಿಡ ಇಲ್ಲ. ದ್ವೀಪದ ಕೆಲವು ಕಡೆ ಬೇಲಿ ಹಾಕಿ ಜಿಂಕೆ ಬಾರದಂತೆ ಮಾಡಿದ ತುಂಡುಗಳಿವೆ. ಬೇಲಿಯ ಒಳಗೂ ಹೊರಗೂ ಒಂದೇ ಕಾಡು ಅಂದರೆ ಕಣ್ಣು ನಂಬುವುದಿಲ್ಲ.

ಸಸಿ ಮುಗಿದರೆ ಜಿಂಕೆಯೂ ಹಸಿದು ಕಡಿಮೆಯಾಗಬೇಕಲ್ಲ ಅಂತ ನಾನು ಕೇಳಿದೆ. ಅದೇ ಇಲ್ಲಿಯ ಕಷ್ಟ. ಈ ಜಿಂಕೆಗಳ ಮೇವಿನಲ್ಲಿ ದೊಡ್ಡ ಪಾಲು ಮೇಲಿನಿಂದ ಉದುರಿದ ಎಲೆ. ಬ್ರಾಡ್‌ಲೀಫ್ ಮರ ವರ್ಷವಿಡೀ ಎಲೆ ಉದುರಿಸುತ್ತದೆ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಕಡಲ ದಡಕ್ಕೆ ಇಳಿದು ಅಲೆ ತಂದು ಹಾಕಿದ ಕೆಲ್ಪ್ ಪಾಚಿಯನ್ನೂ ತಿನ್ನುತ್ತವೆ. ಹೀಗೆ ಹಳೆಯ ಮರಗಳು ಅವನ್ನು ಸಾಕುತ್ತವೆ, ಅವು ಆ ಮರಗಳ ಮಕ್ಕಳನ್ನು ಮೇಯುತ್ತವೆ. ನೆಲ ಬರಿದಾದ ಮೇಲೂ ಹಿಂಡು ಕರಗುವುದಿಲ್ಲ.

ಗಂಡನ್ನು ಹೊಡೆದರೆ ಇದು ಬದಲಾಗದು. ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕು. ಹತ್ತು ಗಂಡು ಹೋದರೂ ಬರುವ ಬೇಸಿಗೆಯ ಮರಿಗಳ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಇಳಿಯುವುದು ಹೆಣ್ಣು ಇಳಿದಾಗ. ಅಜ್ಜನ ಮಾತು ಅಜ್ಜನ ಕಾಡಿಗೆ ಸರಿ. ಅಲ್ಲಿ ಹುಲಿ ಹೆಣ್ಣು ಗಂಡು ನೋಡದೆ ತನ್ನ ಪಾಲು ತೆಗೆಯುತ್ತಿತ್ತು, ಮನುಷ್ಯ ಕೈ ಬಿಗಿ ಹಿಡಿಯಬೇಕಿತ್ತು. ಇಲ್ಲಿ ಹುಲಿಯ ಪಾಲು ನನ್ನ ಕೈಗೆ ಬಂದಿದೆ.

ಹೀಗಂತ ಒಪ್ಪಿದರೂ ಬೆರಳು ಒಪ್ಪಲು ಇನ್ನೊಂದು ವರ್ಷ ಬೇಕಾಯಿತು. ಜೂನ್ ತಿಂಗಳನ್ನೇ ಆರಿಸಿಕೊಂಡದ್ದು ರಜೆಗಾಗಿ ಮಾತ್ರ ಅಲ್ಲ. ಇಲ್ಲಿ ಮರಿ ಹುಟ್ಟುವುದು ಡಿಸೆಂಬರ್ ಸುಮಾರಿಗೆ. ಜೂನ್ ಹೊತ್ತಿಗೆ ಅವಕ್ಕೆ ಆರು ತಿಂಗಳು, ಮೇದು ಬದುಕುತ್ತವೆ. ಡಿಸೆಂಬರ್‌ನಲ್ಲೋ ಜನವರಿಯಲ್ಲೋ ತಾಯಿಯನ್ನು ಹೊಡೆದರೆ ಪೊದೆಯಲ್ಲಿ ಅಡಗಿದ ಮರಿ ಹಸಿದು ಸಾಯುತ್ತದೆ. ಆ ಪಾಪಕ್ಕೆ ನಾನು ಸಿದ್ಧನಿಲ್ಲ. ತಾಯಿ ಮರಿ ಜೊತೆಗಿದ್ದರೆ ಈಗಲೂ ಕೋವಿ ಇಳಿಸುತ್ತೇನೆ. ಎರಡನ್ನೂ ತೆಗೆಯಬೇಕು ಅನ್ನುವವರಿದ್ದಾರೆ, ಲೆಕ್ಕದಲ್ಲಿ ಅವರದ್ದೇ ಸರಿ. ನನ್ನ ಕೈಯಲ್ಲಿ ಆಗುವುದಿಲ್ಲ.

ಎರಡನೆಯ ವರ್ಷದ ಐದನೆಯ ದಿನ. ರಾತ್ರಿಯಿಡೀ ಮಳೆ, ಬೆಳಿಗ್ಗೆ ಗಾಳಿ ಕಡಲಿನಿಂದ ಮುಖಕ್ಕೆ ಬೀಸುತ್ತಿತ್ತು. ಬೆತ್ತದ ಹಿಂಡಿನಂತೆ ಹೆಣೆದುಕೊಂಡ ಸಪಲ್‌ಜಾಕ್ ಬಳ್ಳಿಯ ನಡುವೆ ಐದು ಹೆಜ್ಜೆ ಇಡುವುದು, ನಿಲ್ಲುವುದು, ಕಿವಿಗೊಡುವುದು. ನೆಲದ ಮೇಲೆ ಹಿಕ್ಕೆ ಬಿದ್ದಿತ್ತು, ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಇನ್ನೂ ಮೆತ್ತಗೆ. ಅರ್ಧ ಗಂಟೆಯಲ್ಲಿ ಮೂವತ್ತು ಮಾರು ದೂರ ಹೋಗಿರಬಹುದು. ಎದುರು ಒಂದು ಕಿವಿ ಆಡಿತು. ಕಿವಿ ಮಾತ್ರ. ಈ ಕಾಡಿನಲ್ಲಿ ಬಣ್ಣಕ್ಕೋ ಅಲುಗಾಟಕ್ಕೋ ಹೊಡೆಯುವಂತಿಲ್ಲ. ಏನು ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ಗುರುತಿಸಬೇಕು, ಅದರ ಹಿಂದೆ ಏನಿದೆ ಅಂತಲೂ ನೋಡಬೇಕು. ಲೈಸೆನ್ಸ್ ಪಾಠದಲ್ಲಿ ಒತ್ತಿ ಒತ್ತಿ ತಲೆಗೆ ತುಂಬುವ ವಿಷಯ ಇದು. ಕಾದೆ. ಮೂತಿ ಬಂತು, ಕತ್ತು ಬಂತು, ನೆತ್ತಿಯಲ್ಲಿ ಕೊಂಬಿಲ್ಲ. ಉದುರಿದ ಎಲೆಯೊಂದನ್ನು ಎತ್ತಿ ಅಗಿಯುತ್ತಿತ್ತು. ಹೆಗಲ ಹಿಂಭಾಗ ಬಯಲಾಯಿತು. ಹಿಂದೆ ಮರಿ ಬರುತ್ತದೆಯೇ ಅಂತ ಮತ್ತೊಂದಿಷ್ಟು ಕಾದೆ, ಬರಲಿಲ್ಲ. ಈಡು ಹೊಡೆದೆ. ಇಪ್ಪತ್ತು ಮಾರು ಓಡಿ ಬಿತ್ತು. ಪಕ್ಕದಲ್ಲಿ ಕೂತು ಕಣ್ಣಿನ ಬೆಳಕು ಆರುವುದನ್ನು ನೋಡಿದೆ, ಅಜ್ಜನನ್ನು ನೆನೆದು ಕೈ ಮುಗಿದೆ.

ಆಮೇಲಿನದ್ದು ಕೆಲಸ. ಕರುಳು ತೆಗೆದು, ಹೊಟ್ಟೆಯೊಳಗೆ ಗಾಳಿಯಾಡುವಂತೆ ಕಡ್ಡಿ ಕೊಟ್ಟು ನೇತು ಹಾಕಬೇಕು. ಮೊದಲ ಸಲ ಅವಸರದಲ್ಲಿ ಬಿಸಿ ಮಾಂಸವನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಒಂದು ತೊಡೆ ಹಾಳು ಮಾಡಿದ್ದೆ. ಕೊಂದ ಮೇಲೆ ಕೆಡಿಸಿದ್ದು ಇವತ್ತಿಗೂ ನೋಯುತ್ತದೆ. ಈಗ ಬಟ್ಟೆ ಚೀಲವೇ. ಮಾಂಸ ಮಾರುವಂತಿಲ್ಲ. ಫಾರ್ಮಿನ ಗೆಳೆಯರಿಗೆ ಹಂಚುತ್ತೇನೆ, ಉಳಿದದ್ದು ನಮ್ಮ ಮನೆಯ ಕಾಳುಮೆಣಸಿನ ಹುರುಕಲಿಗೆ.

ಪ್ರತಿಯೊಂದರ ಕೆಳದವಡೆ ತೆಗೆದಿಡುತ್ತೇನೆ. ಅಗಿಯುವ ಹಲ್ಲುಗಳ ಸಾಲಿನಲ್ಲಿ ಮೂರನೆಯದು ಎಳೆಯದರಲ್ಲಿ ಮೂರು ಗುಬ್ಬಿಯದ್ದು, ಅಂದರೆ ಮೂರು ಉಬ್ಬಿನದ್ದು. ಒಂದೂವರೆ ವರ್ಷದ ಆಸುಪಾಸಿನಲ್ಲಿ ಅದು ಬಿದ್ದು ಎರಡು ಗುಬ್ಬಿಯ ಕಾಯಂ ಹಲ್ಲು ಬರುತ್ತದೆ. ಅಲ್ಲಿಂದ ಮುಂದೆ ಸವೆತ ನೋಡಿ ವಯಸ್ಸು ಅಂದಾಜು. ಕೆಚ್ಚಲು ಕೊಯ್ದು ಹಾಲಿತ್ತೇ ಅಂತ ಬರೆಯುತ್ತೇನೆ, ಮೂತ್ರಪಿಂಡದ ಸುತ್ತ ಕೊಬ್ಬು ಎಷ್ಟು ಅಂತಲೂ. ಕೊಬ್ಬಿಲ್ಲದೆ ಬರಿ ಪೊರೆ ಸುತ್ತಿದ್ದರೆ ಮೇವಿಗೆ ಬಾಯಿ ಹೆಚ್ಚಾಗಿವೆ ಅಂತ ಅರ್ಥ. ನೋಟುಪುಸ್ತಕದಲ್ಲಿ ಏಳು ವರ್ಷದ ಲೆಕ್ಕ ಇದೆ: ಹತ್ತೊಂಬತ್ತು ಜಿಂಕೆ, ಅದರಲ್ಲಿ ಹದಿನಾಲ್ಕು ಹೆಣ್ಣು.

ಜಿಂಕೆಯನ್ನು ಪೂರ್ತಿ ತೆಗೆಯಬೇಕು ಅನ್ನುವವರೂ ಇಲ್ಲಿದ್ದಾರೆ, ಒಂದನ್ನೂ ಮುಟ್ಟಬಾರದು ಅನ್ನುವವರೂ ಇದ್ದಾರೆ. ಈ ದೇಶದಲ್ಲಿ ಬಿಳಿಬಾಲದ ಜಿಂಕೆ ಇರುವುದು ಇಲ್ಲಿ ಮತ್ತು ದಕ್ಷಿಣ ದ್ವೀಪದ ವಾಕಾಟಿಪು ಸರೋವರದ ಮೇಲ್ತುದಿಯಲ್ಲಿ ಮಾತ್ರ. ಬೇಟೆಗಾರರ ಮಮತೆ ನನಗೆ ಅರ್ಥವಾಗುತ್ತದೆ. ಹಾಗಾದರೆ ಕೊಂಬಿನ ಗಂಡಿಗಾಗಿ ದೋಣಿ ಹತ್ತುವ ನಾವೇ ಹೆಣ್ಣನ್ನೂ ತೆಗೆದು ಹಿಂಡನ್ನು ಕಾಡಿನ ಅಳತೆಗೆ ಇಳಿಸಬೇಕು. ಅದನ್ನು ಮಾಡದೆ ಹಿಂಡು ಉಳಿಸಿ ಅಂತ ಕೇಳುವ ಹಕ್ಕು ನಮಗಿಲ್ಲ.

ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹೆಣ್ಣಿಗೆ ಹೊಡೆದ್ಯಾ ಮಾರಾಯ? ಅಪ್ಪಯ್ಯ ಇದ್ದಿದ್ರೆ ಮನೆಯೊಳಗೆ ಬಿಟ್ಟುಕೊಳ್ತಿರಲಿಲ್ಲ.’

‘ಇಲ್ಲಿ ಹುಲಿ ಇಲ್ಲ ಚಿಕ್ಕಪ್ಪ’ ಅಂದೆ. ಬೊಡ್ಡೆಯ ಮೇಲಿನ ಸಸಿಗಳ ಚಿತ್ರ ಕಳಿಸಿದೆ. ಸಂಜೆ ಅವರೇ ಫೋನ್ ಮಾಡಿ, ‘ಬುಡದಲ್ಲಿ ಒಂದೂ ಬಂದಿಲ್ವನೋ?’ ಅಂತ ಕೇಳಿದರು.

ಈ ಜೂನ್‌ನಲ್ಲಿ ಅದೇ ಬೊಡ್ಡೆಯ ಹತ್ತಿರ ಮತ್ತೆ ಕೂತೆ. ಬುಡದಿಂದ ಎರಡು ಮಾರು ದೂರದೊಳಗೆ ಗೇಣುದ್ದದ ಒಂಬತ್ತು ಬ್ರಾಡ್‌ಲೀಫ್ ಸಸಿ ಎಣಿಸಿದೆ. ಆರರ ಕುಡಿ ಕಚ್ಚಿಹೋಗಿತ್ತು. ಮೂರರದ್ದು ಉಳಿದಿತ್ತು. ಚಿತ್ರ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ, ದಿನಾಂಕದ ಜೊತೆ ಪುಸ್ತಕದಲ್ಲಿ ಬರೆದುಕೊಂಡೆ.