ಜಾಮಿಂಗ್ ಸ್ಕ್ವಾಡ್ರನ್‌ನ ಯುದ್ಧದ ಹಿಸ್ಟರಿ ಕೊಡಗಲ್ಲಿ ಕೂತೇ ಹುಡುಕೋದು ಹೇಗೆ

ನಮ್ಮ ಕೊಡಗಲ್ಲಿ ಮಿಲಿಟರಿ ಕತೆ ಅಂದ್ರೆ ಎಲ್ರೂ ಕಿವಿ ಕೊಡ್ತಾರೆ, ಆದ್ರೆ ಬಾಂಬ್ ಹಾಕಿದೋರ ಬಗ್ಗೆ ಮಾತಾಡಿದಷ್ಟು ಶತ್ರುವಿನ ರೇಡಿಯೋ ಕೆಡಿಸಿದೋರ ಬಗ್ಗೆ ಮಾತಾಡಲ್ಲ, ಅವರ ಕೆಲಸನೇ ಗುಟ್ಟಿಂದಾಗಿತ್ತಲ್ಲ. ಹುಡುಕೋ ಮನಸ್ಸಿದ್ರೆ ಎರಡನೇ ಮಹಾಯುದ್ಧದಲ್ಲಿ ಇದೇ ಕೆಲಸ ಮಾಡಿದ ಬ್ರಿಟನ್‌ನ ವಾಯುಪಡೆ ಆರ್‌ಎಎಫ್‌ನ 101 ಸ್ಕ್ವಾಡ್ರನ್‌ನಿಂದ ಶುರು ಮಾಡಿ.

ಮೊದ್ಲು ಮಷಿನ್ ಏನ್ ಮಾಡ್ತಿತ್ತು ಅಂತ ತಿಳ್ಕೊಳ್ಳಿ, ಇಲ್ಲಾಂದ್ರೆ ದಾಖಲೆ ಓದಿದ್ರೂ ತಲೆಗೆ ಹತ್ತಲ್ಲ. 1943ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಲಡ್‌ಫರ್ಡ್ ಮ್ಯಾಗ್ನಾ ಏರ್‌ಫೀಲ್ಡಿಂದ ಹೊರಡ್ತಿದ್ದ ಇವರ ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿ 'ಏರ್‌ಬೋರ್ನ್ ಸಿಗಾರ್' ಅನ್ನೋ ಜಾಮರ್, ಅಂದ್ರೆ ರೇಡಿಯೋ ಕೆಡಿಸೋ ಮಷಿನ್ ಇರ್ತಿತ್ತು. ನೆಲದಲ್ಲಿರೋ ಜರ್ಮನ್ ಕಂಟ್ರೋಲರ್ ತನ್ನ ನೈಟ್ ಫೈಟರ್‌ಗಳಿಗೆ ದಾರಿ ಹೇಳೋದನ್ನ ಒಬ್ಬ ಆಪರೇಟರ್ ಹುಡುಕಿ ಕೇಳಿ, ಹೌದು ಇದೇ ಅಂತ ಗೊತ್ತಾದ ಕೂಡ್ಲೇ ಅದೇ ಫ್ರೀಕ್ವೆನ್ಸಿ ಮೇಲೆ ಗದ್ದಲ ಬಿಡ್ತಿದ್ದ, ಅದಕ್ಕೇ ಅವನಿಗೆ ಜರ್ಮನ್ ಬರ್ಬೇಕಿತ್ತು.

ಈಗ ದಾಖಲೆ. ಬ್ರಿಟನ್‌ನ ನ್ಯಾಷನಲ್ ಆರ್ಕೈವ್ಸ್ ಸೈಟಲ್ಲಿ ಏರ್ 27 ಅನ್ನೋ ಸೀರೀಸ್ ತೆಗೀರಿ, ಸ್ಕ್ವಾಡ್ರನ್‌ಗಳ ಆಪರೇಷನ್ಸ್ ರೆಕಾರ್ಡ್ ಬುಕ್ ಅಲ್ಲೇ ಇರೋದು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ನಂಬೋ ಹಾಗಿಲ್ಲ, ಡೌನ್‌ಲೋಡ್ ಮೊದ್ಲೇ ಮುಗಿಸ್ಕೊಳ್ಳಿ. ಫಾರ್ಮ್ 540 ಅಂದ್ರೆ ಡೈರಿ, 541ರಲ್ಲಿ ಪ್ರತಿ ವಿಮಾನದ ಸಿಬ್ಬಂದಿ, ಹೊರಟ ಬಂದ ಟೈಮ್. ತಾರೀಕು ನೋಡುವಾಗ ಹುಷಾರು, ದಾಳಿ ರಾತ್ರಿ ಶುರುವಾಗಿ ಮರುದಿನ ಮುಗಿಯುತ್ತೆ, ಆರ್‌ಎಎಫ್ 95 ಬಾಂಬರ್ ಕಳ್ಕೊಂಡ ನ್ಯೂರೆಂಬರ್ಗ್ ದಾಳಿ 1944ರ ಮಾರ್ಚ್ 30-31.

ಮುಖ್ಯ ವಿಷ್ಯ, ಹೆಸರು ಎಣಿಸಿ. ಲ್ಯಾಂಕಾಸ್ಟರ್‌ಗೆ ಮಾಮೂಲಿ 7 ಜನ, 101ರಲ್ಲಿ 8ನೇ ಹೆಸರು ಇದ್ರೆ ಹೆಚ್ಚಾಗಿ ಅವನೇ ಆ ಆಪರೇಟರ್, ಆದ್ರೆ ಕಲಿಯೋಕೆ ಬಂದ ಎರಡನೇ ಪೈಲಟ್ಟೂ ಆಗಿರ್ಬಹುದು, ಹುದ್ದೆ ನೋಡ್ದೆ ಬರೀಬೇಡಿ. ವಾಪಸ್ ಬರದೋರನ್ನ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಸೈಟಲ್ಲಿ ಹುಡುಕಿ, ಸಮಾಧಿನೇ ಇಲ್ದಿದ್ರೆ ರನ್ನಿಮೀಡ್ ಸ್ಮಾರಕದಲ್ಲಿ ಹೆಸರಿರುತ್ತೆ.

ಶತ್ರು ಕಡೆಯ ದಾಖಲೆನೂ ಬಿಡ್ಬೇಡಿ. ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರಲ್ಲಿ ಸರ್ಗೋಧಾ ದಾಳಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಹೊಡೆದಿದ್ದು ಗೊತ್ತಾಗಿದ್ದೇ ಪಾಕಿಸ್ತಾನದ ಕಡೆ ವಿವರ ಹೊರಬಂದ ಮೇಲೆ, ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಜಾಮಿಂಗ್ ಕೆಲಸ ಮಾಡ್ತೋ ಇಲ್ವೋ ಅನ್ನೋದೂ ಹಾಗೇ, ಕಿವಿಗೆ ಗದ್ದಲ ಬಿದ್ದ ಜರ್ಮನ್ನರೇ ಹೇಳ್ಬೇಕು.

101 ಮುಗಿದ ಮೇಲೆ 1943ರ ನವೆಂಬರ್‌ನಲ್ಲಿ ಶುರುವಾದ, ಶತ್ರುವಿನ ರೇಡಿಯೋ ರಾಡಾರ್ ಕೆಡಿಸೋ ಕೆಲಸದ ಆರ್‌ಎಎಫ್ 100 ಗ್ರೂಪ್‌ಗೆ ಹೋಗಿ. ಅದರ 214 ಮತ್ತು 223 ಸ್ಕ್ವಾಡ್ರನ್ ಎರಡೂ 1944ರಲ್ಲಿ ಔಲ್ಟನ್ ಏರ್‌ಫೀಲ್ಡಲ್ಲೇ ಇದ್ದಿದ್ದು, ಎರಡರ ಪುಟಗಳನ್ನೂ ಪಕ್ಕಪಕ್ಕ ಇಟ್ಟು ಓದಿ.