ನೆಟ್‌ವರ್ಕ್ ನಕ್ಷೆಗೊಂದು ಉಚಿತ ತಂತ್ರಾಂಶ: ನಮ್ಮ ಲ್ಯಾಬಿನ ಅನುಭವ

ಚಿಕ್ಕಬಳ್ಳಾಪುರದ ಡಿಪ್ಲೊಮಾ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ನೆಟ್‌ವರ್ಕ್ ಪಾಠ ಮಾಡುತ್ತೇನೆ. ಕಾಗದದ ಮೇಲೆ ಗೀಚಿ, ಮೊಬೈಲಿನಲ್ಲಿ ಫೋಟೊ ತೆಗೆದು, ಪ್ರಾಜೆಕ್ಟ್ ವರದಿಗೆ ಅಂಟಿಸಿದ ನಕ್ಷೆಗಳಲ್ಲಿ ರೌಟರ್ ಯಾವುದು, ಯಂತ್ರಗಳನ್ನು ಜೋಡಿಸುವ ಸ್ವಿಚ್ ಯಾವುದು ಎಂಬುದು ಬರೆದ ವಿದ್ಯಾರ್ಥಿಗೇ ವೈವಾ ಹೊತ್ತಿಗೆ ಮರೆತಿರುತ್ತಿತ್ತು. ನಕ್ಷೆ ಬಿಡಿಸುವ ತಂತ್ರಾಂಶವಾದ ವಿಸಿಯೊ ಕೊಳ್ಳುವ ಅನುಕೂಲ ನಮಗಿರಲಿಲ್ಲ. ಆನ್‌ಲೈನಿನಲ್ಲಿ ಉಚಿತವೆಂದು ಸಿಕ್ಕ ಒಂದು ತಂತ್ರಾಂಶ, ನಕ್ಷೆ ಅರ್ಧವಾಗುವಷ್ಟರಲ್ಲಿ ಆಕೃತಿಗಳ ಮಿತಿ ಮುಗಿಯಿತೆಂದು ಹಣ ಕೇಳಿತು. ವರದಿ ಒಪ್ಪಿಸಲು ಉಳಿದಿದ್ದದ್ದು ಒಂದೇ ದಿನ.

ಆ ಮೇಲೆ ನಾನು ಹುಡುಕಿದ್ದು, ಖಾತೆ ತೆರೆಯದೆ, ಇಂಟರ್ನೆಟ್ ಇಲ್ಲದಿದ್ದರೂ, ನಮ್ಮ ಲ್ಯಾಬಿನ 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರಗಳಲ್ಲಿ ನಡೆಯುವಂಥದ್ದನ್ನು. ಡಯಾ ಎಂಬ ತಂತ್ರಾಂಶ ಬಹಳ ಹಗುರವಾಗಿತ್ತು, ಆದರೆ ಅದರ ನೋಟ ಹಳೆಯದಾಯಿತು. ಗೋಜಲಾದ ನಕ್ಷೆಯನ್ನು ತಾನಾಗಿ ಓರಣಗೊಳಿಸುವುದರಲ್ಲಿ ವೈಎಡ್ ಜಾಣ. ಕೊನೆಗೆ ನಿಂತದ್ದು ಡ್ರಾ.ಐಒ. ಅದು ಬ್ರೌಸರಿನಲ್ಲಿಯೂ ನಡೆಯುತ್ತದೆ, ಡೆಸ್ಕ್‌ಟಾಪ್ ಆವೃತ್ತಿಯನ್ನು ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ಎಡಬದಿಯ ‘ಮೋರ್ ಶೇಪ್ಸ್’ ಒತ್ತಿದರೆ ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೊ ಕಂಪನಿಯ ಚಿಹ್ನೆಗಳೂ ಸಿಗುತ್ತವೆ.

ಶಿಡ್ಲಘಟ್ಟದ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ, ಒಂದು ರೇಷ್ಮೆಗೂಡಿನ ಮಾರುಕಟ್ಟೆಗೆ ಬೇಕಾದ ನೆಟ್‌ವರ್ಕನ್ನು ಕಲ್ಪಿಸಿ ಬರೆಯಲು ಹೇಳಿದೆ: ತೂಕದ ಜಾಗ, ಹರಾಜು ಅಂಗಳ, ಲೆಕ್ಕಪತ್ರದ ಕಚೇರಿ. 192.168.10.0 ಜಾಲವನ್ನು /26ರಂತೆ, ಅಂದರೆ ಒಂದೊಂದಕ್ಕೆ 64 ವಿಳಾಸದಂತೆ, ನಾಲ್ಕು ಭಾಗ ಮಾಡಿದರೆ ಪ್ರತಿ ಭಾಗದಲ್ಲೂ ಯಂತ್ರಗಳಿಗೆ 62 ವಿಳಾಸ ಸಿಗುತ್ತವೆ (ಮೊದಲನೆಯದೂ ಕೊನೆಯದೂ ಮೀಸಲು), ಮೂರು ವಿಭಾಗಕ್ಕೆ ಧಾರಾಳ. ನಕ್ಷೆಗಳೂ ಚೆಂದವಾಗಿಯೇ ಬಂದವು. ಆದರೆ ಒಬ್ಬ ವಿದ್ಯಾರ್ಥಿನಿ ತೂಕದ ವಿಭಾಗದ ಒಂದು ಯಂತ್ರಕ್ಕೆ 192.168.10.70 ಎಂದೂ ಅದರ ಗೇಟ್‌ವೇಗೆ (ಬೇರೆ ಜಾಲಕ್ಕೆ ಹೋಗುವ ಬಾಗಿಲಿಗೆ) 192.168.10.1 ಎಂದೂ ಬರೆದಿದ್ದಳು. 64ರಿಂದ 127ರವರೆಗಿನದು ಎರಡನೆಯ ಭಾಗ, ಗೇಟ್‌ವೇಯ 1 ಮೊದಲ ಭಾಗದ್ದು, ಆದ್ದರಿಂದ ಆ ಯಂತ್ರ ತನ್ನ ಗೇಟ್‌ವೇಯನ್ನೇ ತಲುಪಲಾರದು. ಡ್ರಾ.ಐಒ ಇದಕ್ಕೆ ತಕರಾರು ತೆಗೆಯುವುದಿಲ್ಲ, ಅದು ಬರಿಯ ಚಿತ್ರ ಬಿಡಿಸುವ ಸಾಧನ. ನಿಜ ಹೇಳಬೇಕೆಂದರೆ ಮೊದಲ ಸಲ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಹಾಗಾಗಿ ಅದೇ ವಿನ್ಯಾಸವನ್ನು, ನೆಟ್‌ವರ್ಕನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡುವ ಸಿಸ್ಕೊ ಪ್ಯಾಕೆಟ್ ಟ್ರೇಸರ್‌ನಲ್ಲಿ ಕಟ್ಟಿಸಿದೆ. ಇದೂ ಉಚಿತವೇ, ಆದರೆ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಖಾತೆ ಬೇಕು, ಅದಕ್ಕಾಗಿ ನನ್ನ ಒಂದು ನಿಯಮವನ್ನು ಸಡಿಲಿಸಬೇಕಾಯಿತು. ಸಂಪರ್ಕ ಪರೀಕ್ಷಿಸುವ ಪಿಂಗ್ ಸಂದೇಶ ಹೋಗಲಿಲ್ಲ, ತಪ್ಪು ಅಲ್ಲಿಯೇ ಸಿಕ್ಕಿತು. ಇಲ್ಲಿ ಒಂದು ಎಚ್ಚರಿಕೆ: ಸ್ವಿಚ್‌ಗೆ ಕೇಬಲ್ ಹಾಕಿದ ಕೂಡಲೇ ಕಿತ್ತಳೆ ಬಣ್ಣದ ದೀಪ ಕಂಡರೆ ಗಾಬರಿಯಾಗಬೇಕಿಲ್ಲ. ಜಾಲದಲ್ಲಿ ಸುತ್ತುದಾರಿ (ಲೂಪ್) ಆಗದಂತೆ ನೋಡಿಕೊಳ್ಳುವ ಸ್ಪ್ಯಾನಿಂಗ್ ಟ್ರೀ ತನ್ನ ಪರಿಶೀಲನೆ ಮುಗಿಸಲು ಸುಮಾರು 30 ಸೆಕೆಂಡು ತೆಗೆದುಕೊಳ್ಳುತ್ತದೆ, ಆಮೇಲೆ ದೀಪ ಹಸಿರಾಗುತ್ತದೆ. ನಮ್ಮವರು ಅಷ್ಟರಲ್ಲಿ ಎರಡು ಸಲ ಕೇಬಲ್ ಬದಲಿಸಿರುತ್ತಾರೆ.

ತಿದ್ದಿದ ನಕ್ಷೆಯನ್ನು ಡ್ರಾ.ಐಒದಿಂದ ಪಿಎನ್‌ಜಿ ಚಿತ್ರವಾಗಿ ಹೊರತೆಗೆಯುವಾಗ, ನಕ್ಷೆಯ ಪ್ರತಿಯನ್ನು ಚಿತ್ರದೊಳಗೇ ಸೇರಿಸುವ ಆಯ್ಕೆಗೆ ಗುರುತು ಹಾಕಿಸುತ್ತೇನೆ. ಮೂಲ ಕಡತ ಕಳೆದರೂ ಆ ಚಿತ್ರವನ್ನೇ ತೆರೆದು ಮತ್ತೆ ತಿದ್ದಬಹುದು. ಆದರೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಒಳಗಿನ ನಕ್ಷೆ ಉಳಿಯುವುದಿಲ್ಲ, ಡಾಕ್ಯುಮೆಂಟ್ ಎಂದೇ ಕಳಿಸಬೇಕು.